ಹೊನ್ನಿ, ಕಾಳಿ, ಪುಟ್ಟಿ ಮತ್ತು ಇಪ್ಪತ್ತನಾಲ್ಕು ಗಂಟೆಯ ನಿಯಮ

ಆ ವರ್ಷ ಆಷಾಢ ಬರುವ ಹೊತ್ತಿಗೆ ನನ್ನ ಮೇಜಿನ ಮೇಲೆ ಮೂರು ಜಾತಿಯ ಕಣಜದ ಹುಳುಗಳಿದ್ದವು. ದೀಪಾವಳಿಯೊಳಗೆ ಅವುಗಳಲ್ಲಿ ಎರಡನ್ನು ಆಚೆ ಹಾಕಿ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕೆಂಬ ಆದೇಶವೂ ಬಂದಿತ್ತು. ಉಳಿಯುವುದು ಯಾವುದೆಂದು ಹೇಳಬೇಕಾದವಳು ನಾನು. ಬಿ.ಎಸ್ಸಿ. ಮುಗಿದು ವರ್ಷವಾಗಿತ್ತು, ಕೆಲಸ ತಾತ್ಕಾಲಿಕ, ಆದರೆ ನನ್ನ ಗತ್ತಿಗೇನೂ ಕಡಿಮೆ ಇರಲಿಲ್ಲ. ಬಸವನಗುಡಿಯ ಮನೆಯಿಂದ ಹೊರಟು ಜಯನಗರದವರೆಗೆ ನಡೆಯುವಾಗ, ಇಡೀ ಮೈಸೂರು ಸೀಮೆಯ ತೆಂಗಿನ ಮರಗಳು ನನ್ನ ತೀರ್ಪಿಗಾಗಿ ಕಾದು ನಿಂತಿವೆ ಎಂದು ಅನ್ನಿಸುತ್ತಿತ್ತು.

ಇದು ಅರವತ್ತರ ದಶಕದ ಆರಂಭದ ಮಾತು. ಜಯನಗರದಲ್ಲಿ ಆಗ ಅಲ್ಲೊಂದು ಇಲ್ಲೊಂದು ಮನೆ, ನಡುವೆ ಕಲ್ಲು ನೆಟ್ಟ ಖಾಲಿ ಸೈಟುಗಳು, ಅದರಾಚೆ ರಾಗಿ ಹೊಲ. ನಮ್ಮ ಪ್ರಯೋಗಾಲಯವೆಂದರೆ ಒಂದು ಬಾಡಿಗೆ ಮನೆ. ನಡುಮನೆಯಲ್ಲಿ ಅಧಿಕಾರಿಗಳ ಮೇಜು, ಅಡಿಗೆಮನೆಯಲ್ಲಿ ಗಾಜಿನ ಸಾಮಾನು ತೊಳೆಯುವ ತೊಟ್ಟಿ, ಹಿಂದಿನ ಕೋಣೆಯಲ್ಲಿ ನಾನು, ಕಣಜಗಳು ಮತ್ತು ಅಟೆಂಡರು. ಅಟೆಂಡರಿಗೆ ನಲವತ್ತರ ಮೇಲೆ ವಯಸ್ಸು, ಯಡಿಯೂರಿನ ಒಕ್ಕಲು ಮನೆತನದವರು. ಇರುವೆ ಹತ್ತದಂತೆ ಮೇಜಿನ ನಾಲ್ಕೂ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವುದರಿಂದ ಹಿಡಿದು ಮರ ಹತ್ತಿ ಗರಿ ಕಡಿದು ತರುವವರೆಗೆ ಎಲ್ಲವೂ ಅವರದೇ.

ನಮ್ಮ ಶತ್ರು ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳು. ಎಲೆಯ ಅಡಿಭಾಗದಲ್ಲಿ ನೂಲು ಮತ್ತು ತನ್ನದೇ ಹಿಕ್ಕೆ ಸೇರಿಸಿ ಒಂದು ಸುರಂಗ ಕಟ್ಟಿಕೊಂಡು, ಒಳಗೆ ಕೂತು ಹಸಿರನ್ನು ಕೆರೆದು ತಿನ್ನುತ್ತದೆ. ದೂರದಿಂದ ನೋಡಿದರೆ ಮರಕ್ಕೆ ಬೆಂಕಿ ತಗುಲಿದಂತಿರುತ್ತದೆ. ಮೇಲಿನಿಂದ ವಿಷದ ಪುಡಿ ಹೊಡೆದರೆ ಸುರಂಗದೊಳಕ್ಕೆ ಅದು ಹೋಗುವುದಿಲ್ಲ. ಹೋಗಬಲ್ಲವು ಈ ಕಣಜಗಳು. ಅವು ಮನುಷ್ಯರಿಗೆ ಕಚ್ಚುವಂಥವಲ್ಲ, ಇರುವೆಗಿಂತ ದೊಡ್ಡವೂ ಅಲ್ಲ. ಹುಳುವನ್ನು ಹುಡುಕಿ ಚುಚ್ಚಿ ಅಲುಗಾಡದಂತೆ ಮಾಡಿ ಅದರ ಮೈಮೇಲೆ ಮೊಟ್ಟೆ ಇಡುತ್ತವೆ. ಒಡೆದು ಬಂದ ಮರಿಗಳು ಹುಳುವನ್ನೇ ಉಂಡು ಬೆಳೆಯುತ್ತವೆ. ಮೊದಲ ಸಲ ಮಸೂರದಡಿ ಇದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ, ಎರಡನೆಯ ದಿನದಿಂದ ಬೇರೇನನ್ನೂ ನೋಡಲು ಮನಸ್ಸಾಗಲಿಲ್ಲ!

ಕಾಗದದಲ್ಲಿ ಮೂರು ಜಾತಿಗೂ ಉದ್ದುದ್ದದ ಲ್ಯಾಟಿನ್ ಹೆಸರುಗಳಿದ್ದವು. ಅಟೆಂಡರು ಮೊದಲ ವಾರದಲ್ಲೇ ಅವನ್ನು ತಳ್ಳಿಹಾಕಿದರು. "ಬಾಯಿಗೆ ಬರೋ ಹೆಸರಿಲ್ದೆ ಎಂಗಮ್ಮಾವ್ರೇ ಸಾಕೋದು?" ಎಂದು, ತಮ್ಮ ಕೊಟ್ಟಿಗೆಯ ಹಸುಗಳಿಗಿಟ್ಟಂತೆ ಹೆಸರಿಟ್ಟರು. ಜೇನುತುಪ್ಪದ ಬಣ್ಣದ್ದು ಹೊನ್ನಿ. ಕಪ್ಪಗೆ ಉದ್ದಕ್ಕೆ ಇರುವೆಯಂತಿರುವುದು ಕಾಳಿ. ಕಣ್ಣಿಗೆ ಚುಕ್ಕೆಯಷ್ಟೇ ಕಾಣುವ ಮೂರನೆಯದು ಪುಟ್ಟಿ. ಇದು ಹುಳುವನ್ನು ಬಿಟ್ಟು, ಹುಳು ಕೋಶವಾದ ಮೇಲೆ ಅದರೊಳಗೆ ಮೊಟ್ಟೆ ಇಡುವ ಜಾತಿ. ಸ್ವಲ್ಪ ದಿನಗಳಲ್ಲಿ ಅಧಿಕಾರಿಗಳೂ "ಹೊನ್ನಿ ಎಷ್ಟಾಯ್ತು?" ಎಂದು ಕೇಳತೊಡಗಿದರು.

ಹೋಲಿಕೆ ಎಂದ ಮೇಲೆ ಎಲ್ಲರಿಗೂ ಒಂದೇ ನ್ಯಾಯ ಇರಬೇಕೆಂಬುದು ನನ್ನ ಹಟ. ನಿಯಮವನ್ನು ನಾನೇ ಬರೆದೆ. ಗಾಜಿನ ಕೊಳವೆಗೆ ಒಂದು ಹುಳು, ಪುಟ್ಟಿಗಾದರೆ ಒಂದು ಕೋಶ, ಜೊತೆಗೆ ಒಂದು ಹೆಣ್ಣು ಕಣಜ, ಕಾಗದದ ಪಟ್ಟಿಯ ಮೇಲೆ ಒಂದು ತೊಟ್ಟು ಜೇನು, ಬಾಯಿಗೆ ಹತ್ತಿ. ಎಲ್ಲ ಕೊಳವೆಗಳೂ ಕಿಟಕಿಯ ಪಕ್ಕದ ಒಂದೇ ಬೆಳಕಿನಲ್ಲಿ. ಬೆಳಿಗ್ಗೆ ಹತ್ತಕ್ಕೆ ಒಳಗೆ ಬಿಟ್ಟರೆ ಮರುದಿನ ಹತ್ತಕ್ಕೆ ಸರಿಯಾಗಿ ಹೊರಗೆ. ಹೊನ್ನಿ, ಕಾಳಿಗಳ ಮೊಟ್ಟೆ ಮೈಮೇಲೇ ಇರುವುದರಿಂದ ಆಗಲೇ ಎಣಿಸಿ, ಕಣಜವನ್ನು ಹೊಸ ಹುಳುವಿನ ಕೊಳವೆಗೆ ದಾಟಿಸುವುದು. ಪುಟ್ಟಿ ಇಟ್ಟದ್ದು ಕೋಶದೊಳಗೆ ಕಾಣುವುದಿಲ್ಲವಾದ್ದರಿಂದ ಆ ಕೋಶಗಳನ್ನು ಎತ್ತಿಟ್ಟು, ಎಷ್ಟರಿಂದ ಮರಿ ಹೊರಬಂತೆಂದು ನೋಡುವುದು. ಅಧಿಕಾರಿಗಳು ಓದಿ, "ಭೇಷ್, ಗಡಿಯಾರದ ಹಾಗಿದೆ" ಎಂದರು. ಆ ಮಾತನ್ನು ನಾನು ಮನೆಯಲ್ಲಿ ಮೂರು ಸಲವಾದರೂ ಹೇಳಿರಬೇಕು.

ಆಷಾಢದಿಂದ ನವರಾತ್ರಿಯವರೆಗೆ ಒಂದು ದಿನವೂ ತಪ್ಪದೆ ಹೀಗೆ ಲೆಕ್ಕ ಬರೆದೆ. ಹೊನ್ನಿ ಗೆಲ್ಲುತ್ತಿದ್ದಳು. ಬಿಟ್ಟ ತಕ್ಷಣ ಚುಚ್ಚುತ್ತಿದ್ದಳು, ಮರುದಿನ ನೋಡಿದರೆ ಮೊಟ್ಟೆ ಸಿದ್ಧ. ಪುಟ್ಟಿಯರು ಕಿಟಕಿಯ ಬೆಳಕು ಬಿದ್ದರೆ ಸಾಕು, ಕೋಶದ ಕಡೆ ತಿರುಗಿಯೂ ನೋಡದೆ ಗಾಜಿಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಕಾಳಿಯ ಸಾಲಿನಲ್ಲಂತೂ ಸೊನ್ನೆ, ಸೊನ್ನೆ, ಎಲ್ಲೋ ಒಂದೆರಡು ಮೊಟ್ಟೆ, ಮತ್ತೆ ಸೊನ್ನೆ. ಹುಳುವನ್ನು ಚುಚ್ಚಿ ಮಲಗಿಸುತ್ತಿದ್ದಳು, ಆಮೇಲೆ ಅದರ ಪಕ್ಕದಲ್ಲಿ ಸುಮ್ಮನೆ ಕೂತುಬಿಡುತ್ತಿದ್ದಳು. ಷರಾ ಕಾಲಂನಲ್ಲಿ ನಾನು 'ಮಂದ' ಎಂದು ಬರೆದೆ. ಎರಡು ವಾರ ಕಳೆದ ಮೇಲೆ 'ಸೋಮಾರಿ' ಎಂದೂ ಬರೆದೆ.

ಇನ್ನೊಂದು ಕಡೆ ನಾನು ಮಾತು ಕೊಟ್ಟುಬಿಟ್ಟಿದ್ದೆ. ಯಡಿಯೂರು ಕೆರೆಯ ಬಳಿ ಅಟೆಂಡರ ಅಕ್ಕನ ತೆಂಗಿನ ತೋಟವಿತ್ತು, ಇಪ್ಪತ್ತು ಮರ. ಎಲ್ಲಕ್ಕೂ ಹುಳು ಹತ್ತಿತ್ತು. ಪುಡಿ ಹೊಡೆಯುವ ಪಂಪಿನವರು ಬರಲು ತಯಾರಿದ್ದರು. ಆಕೆ ಒಪ್ಪಿರಲಿಲ್ಲ.

"ಹೋದ್ವರ್ಸ ಹೊಡ್ದು ಹೋದ್ರು" ಎಂದು ಮೊದಲ ಭೇಟಿಯಲ್ಲೇ ನನಗೆ ಹೇಳಿದರು. "ತೋಟದ್ ಜೇನೆಲ್ಲ ಸತ್ತೋಯ್ತು. ಹುಳ ಮಾತ್ರ ಒಳ್ಗೇ ಕುಂತಿತ್ತು. ನಿನ್ ಹುಳ ಆದ್ರೂ ಒಳೀಕ್ ಓಯ್ತದಾ?"

"ಹೋಗುತ್ತಮ್ಮ, ಖಂಡಿತ ಹೋಗುತ್ತೆ" ಎಂದೆ.

"ಸರಿ, ನಿನ್ ಮಾತಿನ್ ಮ್ಯಾಲೆ ಬಿಟ್ಟಿವ್ನಿ" ಎಂದರು.

ಗಣೇಶನ ಹಬ್ಬದ ನಂತರ ಆ ತೋಟದ ಹತ್ತು ಮರಗಳಿಗೆ ಹೊನ್ನಿಯನ್ನು ಬಿಟ್ಟೆವು. ಎರಡು ವಾರ ಬಿಟ್ಟು ಗರಿ ಇಳಿಸಿ ಸುರಂಗ ಬಿಡಿಸಿದರೆ, ಬಾಯಿಯ ಹತ್ತಿರ ಇದ್ದ ಹುಳುಗಳು ಅಲ್ಲೊಂದು ಇಲ್ಲೊಂದು ಸತ್ತಿದ್ದವು. ಒಳಗಿನವು ಕಪ್ಪು ತಲೆ ಅಲ್ಲಾಡಿಸಿಕೊಂಡು ಮೇಯುತ್ತಲೇ ಇದ್ದವು. ಮಸೂರ ಹಿಡಿದು ನಾನು ತಲೆ ತಗ್ಗಿಸಿ ಕೂತಿದ್ದಾಗ ಆ ತಾಯಿ ಕುಡಿಯಲು ಮಜ್ಜಿಗೆ ತಂದುಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅಷ್ಟರಲ್ಲಿ ಅಧಿಕಾರಿಗಳು ನನ್ನ ಕೋಷ್ಟಕವನ್ನು ನಂಬಿ, ಹೊನ್ನಿಯೇ ಮೇಲೆಂದು ಮೇಲಿನವರಿಗೆ ಕಾಗದ ಬರೆದಾಗಿತ್ತು. ಎಲ್ಲಕ್ಕೂ ಮೇಲಾದ ಹೊನ್ನಿಯಿಂದಲೇ ತೋಟದಲ್ಲಿ ಆಗಲಿಲ್ಲವೆಂದರೆ ಮಿಕ್ಕವುಗಳಿಂದ ಏನಾದೀತು ಎಂಬುದು ಅವರ ಮಾತು. ದೀಪಾವಳಿ ಕಳೆದ ಮೇಲೆ ತೋಟಕ್ಕೆ ಪಂಪು ಬರುವುದೆಂದೂ ತೀರ್ಮಾನವಾಯಿತು.

ಆಗ ಬಂತು ಆಯುಧಪೂಜೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆ ಎಂದಿನಂತೆ ಹೊಸ ಕೊಳವೆಗಳನ್ನು ಹೂಡಿ ಹೋಗಿದ್ದೆ. ಹಬ್ಬದ ದಿನ ಹತ್ತಕ್ಕೆ ಐದು ನಿಮಿಷವಿರುವಾಗ ಬಂದು ನೋಡುತ್ತೇನೆ, ಸೂಕ್ಷ್ಮದರ್ಶಕಕ್ಕೆ ವಿಭೂತಿ ಪಟ್ಟೆ, ಚಿಮಟಕ್ಕೆ ಕುಂಕುಮ, ಅಧಿಕಾರಿಗಳ ಸೈಕಲ್ಲಿಗೆ ಚೆಂಡುಹೂವಿನ ಹಾರ. ಗೇಟಿನ ಮುಂದೆ ಒಡೆಯಲು ಬೂದುಗುಂಬಳಕಾಯಿ ಸಿದ್ಧವಾಗಿದೆ. ಇವೆಲ್ಲದರ ನಡುವೆ, ಮಣೆಯ ಮೇಲೆ, ನನ್ನ ಕೊಳವೆಗಳ ತಟ್ಟೆ! ಅದರ ಅಂಚಿಗೂ ಅರಿಸಿನ ಕುಂಕುಮ.

"ಇದನ್ಯಾಕ್ರೀ ಇಲ್ಲಿಟ್ರಿ?" ಎಂದು ಕೂಗಿದೆ.

ಅಟೆಂಡರಿಗೆ ಆಶ್ಚರ್ಯ. "ಇವೂ ಆಯುಧಾನೇ ಅಲ್ವಾ ಅಮ್ಮಾವ್ರೇ? ಹುಳ ಕೊಲ್ಲೋ ಆಯುಧ."

"ಹತ್ತು ಗಂಟೆಗೆ ಎಣಿಸಬೇಕು. ಕೊಡಿ ಇಲ್ಲಿ."

"ಪೂಜೆಗಿಟ್ಟ ಆಯುಧಾನ ಇವತ್ತು ಮುಟ್ಟಂಗಿಲ್ಲ. ನಾಳೆ ವಿಜಯದಸಮಿ ಕಳೀಲಿ."

ನಾನು ನಡುಮನೆಗೆ ಓಡಿ ಅಧಿಕಾರಿಗಳ ಬಳಿ ದೂರು ಹೇಳಿದೆ. ಅವರು ಆಗಷ್ಟೇ ಮಂಗಳಾರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದರು. "ಹೋಗ್ಲಿ ಬಿಡಮ್ಮ, ವರ್ಷಕ್ಕೊಂದು ದಿನ. ಈ ಒಂದು ಸಲದ ಲೆಕ್ಕ ಹೊಡೆದುಹಾಕು, ಕಡ್ಲೆಪುರಿ ತಗೋ" ಎಂದರು.

ನಾನು ಕಡಲೆಪುರಿ ತೆಗೆದುಕೊಂಡೆ, ಮುಖ ಮಾತ್ರ ಊದಿಸಿಕೊಂಡೇ ಇದ್ದೆ. ಅಟೆಂಡರು ಸಾಂಬ್ರಾಣಿ ಹಾಕಿದಾಗ ನನ್ನ ಜೀವ ಬಾಯಿಗೆ ಬಂದಂತಾಗಿತ್ತು. ಅಷ್ಟು ಹೊಗೆಗೆ ಕಣಜಗಳೆಲ್ಲ ಸತ್ತೇ ಹೋದವೆಂದು ತಿಳಿದೆ. ಅವರು ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರಿಗೆ ಹೋದರು. ವಿಜಯದಶಮಿಯ ದಿನ ಮನೆಯಲ್ಲಿ ಬೊಂಬೆಗಳ ಮುಂದೆ ಕೂತಿದ್ದರೂ ನನ್ನ ಧ್ಯಾನವೆಲ್ಲ ಆ ತಟ್ಟೆಯ ಮೇಲೆಯೇ.

ಮರುದಿನ ಹತ್ತಕ್ಕೆ ಕೋಣೆ ತೆರೆದಾಗ ಹತ್ತಿಯೆಲ್ಲ ಸಾಂಬ್ರಾಣಿ ನಾರುತ್ತಿತ್ತು. ಕಣಜಗಳು ಸತ್ತಿರಲಿಲ್ಲ. ಹೊನ್ನಿಯ ಕೊಳವೆಗಳಲ್ಲಿ ಎಂದಿನಂತೆಯೇ ಮೊಟ್ಟೆ, ಕೆಲವು ಒಡೆದು ಮರಿಯೂ ಆಗಿದ್ದವು. ಕಾಳಿಯ ಮೊದಲ ಕೊಳವೆಯನ್ನು ನಾನು ಬೇಸರದಿಂದಲೇ ಮಸೂರದಡಿ ತಂದೆ. ಹುಳುವಿನ ಬೆನ್ನಿನ ಉದ್ದಕ್ಕೂ ರವೆಯ ಕಾಳುಗಳನ್ನು ಒತ್ತಾಗಿ ಜೋಡಿಸಿಟ್ಟಂತೆ ಮೊಟ್ಟೆಗಳು. ಹನ್ನೊಂದು! ಅವುಗಳ ಮೇಲೆ ಕಾಲಗಲಿಸಿ ನಿಂತಿದ್ದಾಳೆ ಕಾಳಿ. ಕುಂಚದ ತುದಿಯಿಂದ ಮೆಲ್ಲಗೆ ತಳ್ಳಿದೆ. ಓಡಲಿಲ್ಲ. ತಲೆಯೆತ್ತಿ ಕುಂಚವನ್ನೇ ಕಚ್ಚಿ ಹಿಡಿದಳು.

ಎರಡನೆಯದು ತೆಗೆದೆ, ಮೂರನೆಯದು ತೆಗೆದೆ. ಒಂದೆರಡು ಬಿಟ್ಟರೆ ಎಲ್ಲದರಲ್ಲೂ ಹಾಗೆಯೇ. ನಾನು ಕೂತಲ್ಲಿಂದ ಎದ್ದೆ, ಕೂತೆ, ಮತ್ತೆ ಎದ್ದೆ. ಸೀರೆಯ ಸೆರಗಿಗೆ ಸಿಕ್ಕಿ ಜೇನಿನ ಬಟ್ಟಲು ಉರುಳಿಬಿತ್ತು, ಅದನ್ನು ಎತ್ತುವ ವ್ಯವಧಾನವೂ ಇರಲಿಲ್ಲ.

"ನೋಡಿ ಇಲ್ಲಿ, ಕಾಳಿ ಮೊಟ್ಟೆ ಇಟ್ಟಿದಾಳೆ!" ಎಂದು ಕೂಗಿದೆ.

ಅಟೆಂಡರು ಇಣುಕಿ ನೋಡಿ, "ಅದಕ್ಯಾಕ್ ಹಿಂಗಾಡ್ತೀರಾ? ಅವ್ಳು ಯಾವಾಗ್ಲೂ ಇಕ್ತಾಳೆ" ಎಂದರು.

"ಯಾವಾಗ್ಲೂ ಅಂದ್ರೆ?"

ಅವರು ಮೂಲೆಯ ಕಡೆ ಬೆರಳು ತೋರಿಸಿದರು. ಅಲ್ಲಿ ಲಾಟೀನಿನ ದೊಡ್ಡ ಗಾಜಿನ ಬುರುಡೆಗಳಿಗೆ ಬಟ್ಟೆ ಕಟ್ಟಿ ಅವರು ಮೂರೂ ಜಾತಿಯ ಮೂಲ ಸಂತಾನವನ್ನು ಸಾಕುತ್ತಿದ್ದರು. ನನ್ನ ಪ್ರಯೋಗಕ್ಕೆ ಬೇಕಾದ ಕಣಜಗಳೆಲ್ಲ ಬರುತ್ತಿದ್ದುದು ಅಲ್ಲಿಂದಲೇ. ಕಾಳಿಯ ಬುರುಡೆ ಯಾವತ್ತೂ ಬರಿದಾಗಿರಲಿಲ್ಲ. ಮೊಟ್ಟೆಯನ್ನೇ ಇಡದ ಸೋಮಾರಿಯ ಸಂತಾನ ಮೂರು ತಿಂಗಳಿಂದ ಹೇಗೆ ತುಂಬಿ ತುಳುಕುತ್ತಿದೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

"ನೀವು ಅದಕ್ಕೆ ಏನು ಮಾಡ್ತೀರಿ?" ಎಂದು ಕೇಳಿದೆ.

"ಏನೂ ಮಾಡಾಕಿಲ್ಲ. ಹುಳ ಹಾಕಿ ಬಿಟ್ಬಿಡ್ತೀನಿ. ಅವ್ಳು ಹುಳಾನ ಮಲಗ್ಸಿ, ಎಲ್ಡ್ ದಿನ ಹಿಂದೆ ಮುಂದೆ ನೋಡ್ಕಂಡು, ಆಮ್ಯಾಕ್ ಇಕ್ತಾಳೆ. ಮರಿ ಗೂಡು ಕಟ್ಟೋಗಂಟ ಜಾಗ ಬಿಟ್ಟು ಏಳಾಕಿಲ್ಲ. ನಾನ್ ಅವ್ಳ ತಂಟೆಗೇ ಹೋಗಾಕಿಲ್ಲ."

"ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

"ನೀವ್ ಗಡಿಯಾರ ಹಿಡ್ಕಂಡ್ ನಿಂತಿದ್ರಿ. ಓದ್ದೋರು, ಏನೋ ಲೆಕ್ಕ ಇರ್ಬೇಕು ಅಂದ್ಕಂಡೆ."

ನಾನು ಹಳೆಯ ಪುಸ್ತಕ ತೆರೆದು ಕಾಳಿಯ ಪುಟಗಳನ್ನು ಮೊದಲಿಂದ ಓದಿದೆ. ಅವಳು ಒಂದು ಹುಳುವನ್ನು ಚುಚ್ಚಿ ಮಲಗಿಸಿ, ಮೊಟ್ಟೆಗೆ ಅಣಿಯಾಗುತ್ತಾ ಕಾದು ಕೂತ ಹೊತ್ತಿಗೆ ಸರಿಯಾಗಿ ನಾನು ಗಡಿಯಾರ ನೋಡಿಕೊಂಡು ಬಂದು ಎತ್ತಿ ಬೇರೆ ಕೊಳವೆಗೆ ಹಾಕಿದ್ದೆ. ಅಲ್ಲಿ ಮತ್ತೆ ಹೊಸ ಹುಳು, ಮತ್ತೆ ಚುಚ್ಚುವ ಕೆಲಸ, ಮತ್ತೆ ಹತ್ತು ಗಂಟೆ. ಹೊನ್ನಿಗೆ ಒಂದು ದಿನ ಸಾಕು, ಕಾಳಿಗೆ ಸಾಲದು. ಹೊನ್ನಿಯ ಅಳತೆಗೆ ಹೊಲಿದ ರವಿಕೆಯನ್ನು ಕಾಳಿಗೆ ತೊಡಿಸಿ, ಅವಳದೇ ಮೈ ಸರಿಯಿಲ್ಲ ಎಂದು ಬರೆದಿದ್ದೆ. ನನಗೆ ವಿಪರೀತ ನಾಚಿಕೆಯಾಯಿತು. ಅದರ ಜೊತೆಗೇ ಕುಣಿಯುವಷ್ಟು ಸಂತೋಷ. ಎರಡೂ ಒಟ್ಟಿಗೆ ಹೇಗೆ ಬರುತ್ತವೋ, ಅವತ್ತು ಬಂದಿದ್ದವು.

ಈಗ ಎರಡು ದಾರಿ ಇದ್ದವು. ಅಧಿಕಾರಿಗಳು ಹೇಳಿದ್ದಂತೆ ಹಬ್ಬದ ದಿನದ ಲೆಕ್ಕ ಹೊಡೆದುಹಾಕಿ ಸುಮ್ಮನಿರುವುದು ಒಂದು. ಹಾಗೆ ಮಾಡಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಇನ್ನೊಂದು, ಮೂರು ತಿಂಗಳ ಕೋಷ್ಟಕವೇ ತಪ್ಪು, ಆ ನಿಯಮ ಮಾಡಿದವಳು ನಾನೇ ಎಂದು ಒಪ್ಪಿಕೊಳ್ಳುವುದು. ಕಾಗದ ಮೇಲಕ್ಕೆ ಹೋಗಿಯಾಗಿತ್ತು. ತಾತ್ಕಾಲಿಕ ಕೆಲಸದವಳು ಅಧಿಕಾರಿಗಳ ಮುಖಕ್ಕೆ ಮಸಿ ಬಳಿದಂತಾಗುತ್ತಿತ್ತು. ಮಧ್ಯಾಹ್ನದವರೆಗೆ ಕೋಣೆಯಲ್ಲೇ ಅತ್ತಿಂದಿತ್ತ ಓಡಾಡಿದೆ. ಮಜ್ಜಿಗೆಯ ಲೋಟ ಹಿಡಿದು ನಿಂತ ಆ ತೋಟದ ತಾಯಿ ಕಣ್ಣ ಮುಂದೆ ಬರುತ್ತಿದ್ದರು. ಕೊನೆಗೆ ಕೆಂಪು ಪೆನ್ಸಿಲ್ ತೆಗೆದುಕೊಂಡು ಕಾಳಿಯ ಪುಟಗಳಿಗೆಲ್ಲ ಅಡ್ಡ ಗೆರೆ ಎಳೆದು, 'ವಿಧಾನದ ತಪ್ಪು, ಕಣಜದ್ದಲ್ಲ' ಎಂದು ಬರೆದು ಸಹಿ ಹಾಕಿ, ಪುಸ್ತಕವನ್ನು ನಡುಮನೆಗೆ ಒಯ್ದೆ.

ಅಧಿಕಾರಿಗಳು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಏನಮ್ಮ ಇದು? ನಾನು ಬರೆದು ಕಳಿಸಿ ಆಗಿದೆಯಲ್ಲ!"

"ಹೌದು ಸಾರ್. ತಪ್ಪು ನನ್ನದೇ."

"ಒಂದು ತಟ್ಟೆ ನೋಡ್ಕೊಂಡು ಮೂರು ತಿಂಗಳದ್ದು ತಪ್ಪು ಅಂದ್ರೆ ಯಾರು ನಂಬ್ತಾರೆ?"

"ನಂಬಬೇಡಿ ಸಾರ್. ತೋಟದಲ್ಲಿ ಹೊನ್ನಿ ಬಿಡದ ಹತ್ತು ಮರ ಇದೆ. ಅದಕ್ಕೆ ಕಾಳೀನ ಬಿಡ್ತೀನಿ. ಇರುವೆ ಹಾಗೆ ಉದ್ದಕ್ಕಿದಾಳೆ, ಸುರಂಗದ ಒಳಕ್ಕೂ ನುಗ್ಗಬಹುದು. ದೀಪಾವಳಿ ಹಿಂದಿನ ದಿನ ನೀವೇ ಬಂದು ಗರಿ ಬಿಡಿಸಿ ನೋಡಿ."

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ಹದಿನೇಳು ದಿನ ಉಳಿದಿತ್ತು. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಕಾಳಿಗೆ ಎರಡು ವಾರ ಬೇಕು. ಒಂದು ಸುತ್ತಿಗೆ ಹೇಗೋ ಸಾಕು, ಎರಡನೆಯ ಸುತ್ತಿಗೆ ಸಮಯವಿಲ್ಲ. "ಆವತ್ತು ಏನೂ ಕಾಣ್ಲಿಲ್ಲ ಅಂದ್ರೆ ಪಂಪು ಬರುತ್ತೆ. ಆಮೇಲೆ ನನ್ನ ಹತ್ರ ಅಳಬಾರ್ದು" ಎಂದರು.

ತೋಟದ ತಾಯಿಯನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. "ಹೋದ್ಸಲಾನೂ ಇಂಗೇ ಅಂದೆ" ಎಂದರು ಸೊಂಟದ ಮೇಲೆ ಕೈಯಿಟ್ಟುಕೊಂಡು. ನಾನು ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ, ಎರಡನೆಯ ದಿನ ಬರುವ ಮೊದಲೇ ಎಬ್ಬಿಸಿ ಓಡಿಸುತ್ತಿದ್ದುದನ್ನೂ ಹೇಳಿದೆ. ಆಕೆ ಬಿದ್ದು ಬಿದ್ದು ನಕ್ಕರು.

"ಕಾವಿಗೆ ಕುಂತಿರೋ ಕೋಳೀನ ದಿನಾ ಎತ್ತಿ ಬ್ಯಾರೆ ಬುಟ್ಟೀಗ್ ಹಾಕುದ್ರೆ ಮರಿ ಎಲ್ಲಿಂದ ಬತ್ತದೆ? ಇಷ್ಟೂ ಗೊತ್ತಿಲ್ವಾ ನಿಂಗೆ?"

"ಗೊತ್ತಿರ್ಲಿಲ್ಲಮ್ಮ. ಈಗ ಗೊತ್ತಾಯ್ತು. ಬಿಟ್ಟ ಮೇಲೆ ಯಾರೂ ಮುಟ್ಟೋದು ಬೇಡ, ಗರೀನೂ ಕಡಿಯೋದು ಬೇಡ."

ಅಟೆಂಡರು ಬುರುಡೆಗಳನ್ನು ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಬಿಗಿದು ಒಂದೊಂದೇ ಮರ ಹತ್ತಿದರು. ಹುಳು ಹೆಚ್ಚಿರುವ ಗರಿಗಳ ಮೇಲೆ ಬಟ್ಟೆ ಬಿಚ್ಚಿ ಕಾಳಿಯರನ್ನು ಬಿಟ್ಟರು. ಮೂರನೆಯ ದಿನ ಮಳೆ ಹಿಡಿಯಿತು. ಎರಡು ದಿನ ಬಿಡದೆ ಸುರಿಯಿತು. ನಾನು ಕಿಟಕಿಯಲ್ಲಿ ನಿಂತು ಆ ಮಳೆಯನ್ನು ಬೈದಷ್ಟು ಜೀವನದಲ್ಲಿ ಯಾರನ್ನೂ ಬೈದಿಲ್ಲ. ತೋಟಕ್ಕೆ ಓಡಿಹೋಗಿ ಒಂದೇ ಒಂದು ಗರಿ ಇಳಿಸಿ ನೋಡೋಣವೆಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು. ಹೋಗಲಿಲ್ಲ. ಹದಿನೇಳು ದಿನ ಕೈ ಕಟ್ಟಿ ಕೂತಿರುವುದು ನನ್ನ ಮಟ್ಟಿಗೆ ಮೂರು ತಿಂಗಳ ಎಣಿಕೆಗಿಂತ ಕಷ್ಟದ ಕೆಲಸವಾಗಿತ್ತು.

ದೀಪಾವಳಿಯ ಹಿಂದಿನ ದಿನ, ನೀರು ತುಂಬುವ ಹಬ್ಬದ ಬೆಳಿಗ್ಗೆ ಅಧಿಕಾರಿಗಳು ಸೈಕಲ್ಲಿನಲ್ಲಿ ಬಂದರು. ತೋಟದ ತಾಯಿ ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕುತ್ತಿದ್ದವರು ಕೈ ತೊಳೆಯದೆ ಎದ್ದು ಬಂದರು. ಅಟೆಂಡರು ಮೊದಲು ಹೊನ್ನಿಯ ಮರವೊಂದರ ಗರಿ ಕಡಿದು ಹಗ್ಗದಲ್ಲಿ ಇಳಿಸಿದರು. ಬಿಡಿಸಿದರೆ ಅದೇ ಹಳೆಯ ಕಥೆ, ಒಳಗಿನ ಹುಳುಗಳು ಮೇಯುತ್ತಿದ್ದವು. ಆಮೇಲೆ ಕಾಳಿಯ ಮರದ ಗರಿ ಇಳಿಯಿತು. ನಾನು ಮಂಡಿಯೂರಿ ಕೂತು ಸೂಜಿಯಿಂದ ಸುರಂಗವನ್ನು ಉದ್ದಕ್ಕೆ ಸೀಳಿದೆ.

ಒಳಗೆ ಹುಳು ಇರಲಿಲ್ಲ. ಒಣಗಿದ ಒಂದು ಸಿಪ್ಪೆ ಇತ್ತು, ಅದರ ಪಕ್ಕದಲ್ಲಿ ಒತ್ತೊತ್ತಾಗಿ ಬಿಳಿಯ ಪುಟಾಣಿ ಗೂಡುಗಳು. ಪಕ್ಕದ ಸುರಂಗ ಸೀಳಿದೆ, ಅದರಲ್ಲೂ ಹಾಗೆಯೇ. ಮುಂದಿನದರ ಗೂಡುಗಳಿಗೆ ತೂತು ಬಿದ್ದಿತ್ತು, ಒಳಗಿದ್ದವರು ರೆಕ್ಕೆ ಬಂದು ಹಾರಿಹೋಗಿದ್ದರು. ಇನ್ನೊಂದರಲ್ಲಿ, ಬಹುಶಃ ಮಳೆಯಿಂದ ತಡವಾಗಿದ್ದಿರಬೇಕು, ಮರಿಗಳು ಇನ್ನೂ ಹುಳುವನ್ನು ಉಣ್ಣುತ್ತಿದ್ದವು. ಕಾಳಿ ಅವುಗಳ ಮೇಲೆ ಕಾಲಗಲಿಸಿ ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿ ಮಸೂರದಲ್ಲಿ ನನಗೇನೂ ಕಾಣದಾಯಿತು, ಅಧಿಕಾರಿಗಳ ಕೈಗೆ ಕೊಟ್ಟುಬಿಟ್ಟೆ.

ಅವರು ಬಿಳಿ ಪ್ಯಾಂಟಿನಲ್ಲೇ ಒದ್ದೆ ನೆಲದ ಮೇಲೆ ಕೂತರು. ಮೂರು ಮರಗಳ ಗರಿಗಳನ್ನು ತಾವೇ ಬಿಡಿಸಿ ನೋಡಿದರು. ಕೊನೆಗೆ, "ಪಂಪಿನವರಿಗೆ ಬರಬೇಡಿ ಅಂತ ಹೇಳ್ತೀನಿ" ಎಂದರು. ಮಸೂರವನ್ನು ನನಗೆ ಹಿಂತಿರುಗಿಸಿ, "ಕೋಷ್ಟಕ ಹೊಸದಾಗಿ ಬರಿ. ನಿನ್ನ ಕೆಂಪು ಗೆರೆ ಹಾಗೇ ಇರಲಿ, ಮೇಲಿನೋರಿಗೆ ಅದನ್ನೂ ಕಳಿಸ್ತೀನಿ. ಕಾಳೀನ ಇಟ್ಕೊ, ಮಿಕ್ಕ ಎರಡನ್ನ ತೆಗೆದುಬಿಡು" ಎಂದರು.

"ಸಾರ್, ಪುಟ್ಟಿ..." ಎಂದೆ. ಅವರು ತಲೆಯೆತ್ತಿ ನೋಡಿದರು. "ಪುಟ್ಟೀನ ಕಿಟಕಿ ಬೆಳಕಲ್ಲಿಟ್ಟು ನೋಡಿದ್ದು ಸಾರ್. ಅದು ಕತ್ತಲೆ ಬಯಸೋ ಜಾತಿ ಇರಬಹುದು. ಅದಕ್ಕೂ ಅನ್ಯಾಯ ಮಾಡಿದೀನಿ ಅನ್ಸುತ್ತೆ. ಕರಿ ಕಾಗದ ಸುತ್ತಿ ಇನ್ನೊಂದು ಸಲ ನೋಡ್ತೀನಿ. ತಪ್ಪಿಸಿಕೊಂಡು ಕೋಶವಾದ ಹುಳುಗಳಿಗೆ ಕಾಳಿ ಉಪಯೋಗಕ್ಕೆ ಬರಲ್ಲ."

"ಆದೇಶದಲ್ಲಿ ಒಂದೇ ಅಂತ ಇದೆಯಲ್ಲಮ್ಮ!" ಎಂದರು. ಆದರೆ ಬೇಡ ಎನ್ನಲಿಲ್ಲ.

ಹೊರಡುವ ಮುನ್ನ ಅವರು ಮರಿಗಳ ಜೊತೆ ಕಾಳಿ ನಿಂತಿದ್ದ ಆ ಎಲೆಯನ್ನು ಕತ್ತರಿಸಿ ಸಾಕ್ಷಿಗೆ ಒಯ್ಯಲು ಕತ್ತರಿ ತೆಗೆದರು. ತೋಟದ ತಾಯಿ ಹುಣಸೆಹಣ್ಣಿನ ಕೈಯನ್ನು ಅಡ್ಡ ಹಿಡಿದರು.

"ಅದ್ನ ಮುಟ್ಬ್ಯಾಡಿ ಸೋಮಿ. ಬಿಟ್ಟ ಮ್ಯಾಲೆ ಯಾರೂ ಮುಟ್ಟಂಗಿಲ್ಲ ಅಂತ ಈ ಹುಡ್ಗೀನೇ ಹೇಳವ್ಳೆ. ಖಾಲಿ ಗೂಡು ಬೇಕಾದಷ್ಟು ಅವೆ, ಅವುನ್ನ ತಕಂಡ್ ಹೋಗಿ. ಇವ್ಳ ಮರಿ ಇನ್ನೂ ಉಣ್ತಾ ಅವೆ."

ಅಧಿಕಾರಿಗಳು ಕತ್ತರಿಯನ್ನು ಜೇಬಿಗೆ ಹಾಕಿಕೊಂಡರು. ಆಕೆ ಸೀಳಿದ ಎಲೆಯನ್ನು ಮೆಲ್ಲಗೆ ಮಡಿಸಿ, ಮೇಲೊಂದು ನಾರು ಸುತ್ತಿ ಕಟ್ಟಿದರು. ಅಟೆಂಡರು ಮತ್ತೆ ಮರ ಹತ್ತಿ ಹಗ್ಗ ಇಳಿಬಿಟ್ಟರು. ಕಡಿದ ಗರಿಯನ್ನು ಅದರ ತುದಿಗೆ ಕಟ್ಟಿ, ಅಲ್ಲಾಡದಂತೆ ಕೆಳಗಿನಿಂದ ಎರಡೂ ಕೈಯಲ್ಲಿ ಆನಿಸಿ ಹಿಡಿದು ನಾನು ಮೇಲಕ್ಕೆ ಕೊಟ್ಟೆ. ಮೇಲೆ ಹಸಿರು ಗರಿಗಳ ನಡುವೆ ಅದನ್ನು ಕಟ್ಟಿ ಮುಗಿಸಿದ ಅಟೆಂಡರು, "ಎಷ್ಟು ದಿನ ಬಿಡಾನ ಅಮ್ಮಾವ್ರೇ?" ಎಂದು ಕೂಗಿ ಕೇಳಿದರು.

"ಅವಳೇ ಏಳೋವರೆಗೆ" ಎಂದು ಕೂಗಿ ಹೇಳಿದೆ.